ಹಲ್ಲುನೋವಿನ ಮಾತ್ರೆಗೆ ಕ್ಷಯದ ಹೊಸ ಚಿಕಿತ್ಸೆ ಬಲಿಯಾಗದಿರಲಿ

ಮಾನ್ಯ ಸಂಪಾದಕರೇ,

ರಾತ್ರಿ ಒಂಬತ್ತರ ಹೊತ್ತಿಗೆ ದವಡೆ ಹಿಡಿದುಕೊಂಡು ಮೆಡಿಕಲ್ ಅಂಗಡಿಗೆ ಬಂದವರ ಕೈಗೆ ಒಂದು ಸಣ್ಣ ಕಾಗದದ ಕವರ್ ಸಿಗುತ್ತದೆ. ಒಳಗೆ ಕತ್ತರಿಯಿಂದ ತುಂಡರಿಸಿದ ಸ್ಟ್ರಿಪ್ಪಿನ ಚೂರುಗಳು: ನೋವಿಗೊಂದು, ಗ್ಯಾಸಿಗೊಂದು, ಜೊತೆಗೆ ಉದ್ದನೆಯ ದಪ್ಪ ಮಾತ್ರೆಯೊಂದು. ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಎರಡು ದಿನ ತಗೊಳ್ರಿ’ ಎಂಬ ಮಾತಿನೊಂದಿಗೆ ವ್ಯವಹಾರ ಮುಗಿಯುತ್ತದೆ. ಆ ದಪ್ಪ ಮಾತ್ರೆಯ ಚೂರನ್ನು ತಿರುಗಿಸಿ ನೋಡಿದರೆ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿರುತ್ತದೆ, ಅವಧಿ ಮುಗಿಯುವ ದಿನಾಂಕ ಅಂಗಡಿಯಲ್ಲೇ ಉಳಿದ ಚೂರಿನ ಮೇಲಿರುತ್ತದೆ. ವೈದ್ಯರ ಚೀಟಿ ಇಲ್ಲದೆ ನುಂಗಬೇಡಿ ಎಂದು ಎಚ್ಚರಿಸುವ ಕೆಂಪು ಗೆರೆ ಮಾತ್ರ ಕೆಲವೊಮ್ಮೆ ಉಳಿದುಕೊಂಡಿರುತ್ತದೆ. ಎಷ್ಟೋ ಸಲ ಅದು ಒಫ್ಲಾಕ್ಸಾಸಿನ್ 200 ಮಿ.ಗ್ರಾಂ ಮತ್ತು ಆರ್ನಿಡಜೋಲ್ 500 ಮಿ.ಗ್ರಾಂ ಸೇರಿದ ಮಾತ್ರೆ.

ಒಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಇವೆಲ್ಲ ಕ್ವಿನೊಲೋನ್ ಎಂಬ ಒಂದೇ ಆ್ಯಂಟಿಬಯೋಟಿಕ್ ಬಳ್ಳಿಯ ಕಾಯಿಗಳು. ಮಾಮೂಲಿ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಈಗ ಬಂದಿರುವ ಆರು ತಿಂಗಳ ಹೊಸ ಚಿಕಿತ್ಸೆಯಲ್ಲಿ ಒಂದು ಕಾಲು ಈ ಬಳ್ಳಿಯ ಮೇಲೇ ನಿಂತಿದೆ. ಹಲ್ಲುನೋವಿಗೆ ಈ ಮಾತ್ರೆಯಿಂದ ಆಗುವ ಉಪಕಾರ ಏನೇನೂ ಇಲ್ಲ. ಕ್ಷಯದ ಚಿಕಿತ್ಸೆಗೆ ಆಗುವ ಹಾನಿ ಮಾತ್ರ ದೊಡ್ಡದು. ದಂತ ವಿಭಾಗದವರು ಮತ್ತು ಎದೆರೋಗ ವಿಭಾಗದವರು ಸೇರಿ ಒಂದೇ ಪತ್ರ ಬರೆಯುತ್ತಿರುವುದು ಇದೇ ಕಾರಣಕ್ಕೆ.

ಮೊದಲು ಹೊಸ ಚಿಕಿತ್ಸೆಯ ವಿಷಯ. ಕ್ಷಯದ ಮಾಮೂಲಿ ಔಷಧಗಳಲ್ಲಿ ಮುಖ್ಯವಾದ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯ ಬಂದವರು ಹಿಂದೆ ಒಂಬತ್ತರಿಂದ ಇಪ್ಪತ್ತು ತಿಂಗಳವರೆಗೆ ದಿನಾ ಬೊಗಸೆ ತುಂಬ ಮಾತ್ರೆ ನುಂಗಬೇಕಿತ್ತು. ಅದಕ್ಕೂ ಹಿಂದೆ ತಿಂಗಳುಗಟ್ಟಲೆ ಇಂಜೆಕ್ಷನ್ ಇತ್ತು, ಅದರಿಂದ ಕಿವಿ ಕೇಳದಂತಾದವರು ಕಡಿಮೆಯೇನಲ್ಲ. ಹೊಸ ಕ್ರಮದಲ್ಲಿ ನಾಲ್ಕೇ ಔಷಧ. ಬೆಡಾಕ್ವಿಲಿನ್ ಮೊದಲ ಎರಡು ವಾರ ದಿನಕ್ಕೆ 400 ಮಿ.ಗ್ರಾಂ, ಆಮೇಲೆ ವಾರಕ್ಕೆ ಮೂರು ದಿನ 200 ಮಿ.ಗ್ರಾಂ. ಪ್ರೆಟೊಮನಿಡ್ ದಿನಕ್ಕೆ 200, ಲಿನೆಜೊಲಿಡ್ 600, ಮಾಕ್ಸಿಫ್ಲಾಕ್ಸಾಸಿನ್ 400 ಮಿ.ಗ್ರಾಂ. ಒಟ್ಟು 26 ವಾರ, ಇಂಜೆಕ್ಷನ್ ಇಲ್ಲವೇ ಇಲ್ಲ. ಬೆಲಾರುಸ್, ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2022ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಈ ನಾಲ್ಕರ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 89 ಮಂದಿಗೆ ಒಳ್ಳೆಯ ಫಲ ಸಿಕ್ಕರೆ, ಆಗ ಬಳಕೆಯಲ್ಲಿದ್ದ ಚಿಕಿತ್ಸೆಯಲ್ಲಿ ಸಿಕ್ಕಿದ್ದು 52 ಮಂದಿಗೆ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಶಿಫಾರಸು ಮಾಡಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕ್ಷಯದ ಔಷಧ ರೋಗಿಗೆ ಉಚಿತ.

ಇದಕ್ಕೆ ತನ್ನದೇ ಕಟ್ಟುಪಾಡುಗಳಿವೆ. ಗರ್ಭಿಣಿಯರಿಗೆ, 14 ವರ್ಷದೊಳಗಿನವರಿಗೆ, ಮಿದುಳು ಅಥವಾ ಮೂಳೆಗೆ ಕ್ಷಯ ತಗಲಿದವರಿಗೆ ಈ ಕ್ರಮ ಹೊಂದುವುದಿಲ್ಲ. ಬೆಡಾಕ್ವಿಲಿನ್ ಮತ್ತು ಪ್ರೆಟೊಮನಿಡ್ ಊಟದ ಜೊತೆ ತೆಗೆದುಕೊಂಡರೇ ಮೈಗೆ ಹತ್ತುತ್ತವೆ. ಮಾಕ್ಸಿಫ್ಲಾಕ್ಸಾಸಿನ್ ನುಂಗಿದ ಆಸುಪಾಸಿನಲ್ಲೇ ಗ್ಯಾಸಿನ ಸಿರಪ್ಪನ್ನೋ ಕಬ್ಬಿಣದ ಮಾತ್ರೆಯನ್ನೋ ತೆಗೆದುಕೊಂಡರೆ ಎರಡೂ ಹೊಟ್ಟೆಯಲ್ಲಿ ಅಂಟಿಕೊಂಡು ಔಷಧ ರಕ್ತಕ್ಕೆ ಸೇರದೆ ಹಾಗೇ ಹೊರಟುಹೋಗುತ್ತದೆ. ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್ ಎರಡೂ ಹೃದಯ ಬಡಿತದ ವಿದ್ಯುತ್ ಅಲೆಯನ್ನು ಉದ್ದವಾಗಿಸಿ ಲಯ ಕೆಡಿಸಬಹುದಾದ್ದರಿಂದ ಆಗಾಗ ಇಸಿಜಿ ಆಗಬೇಕು. ಲಿನೆಜೊಲಿಡ್ ರಕ್ತಕಣಗಳನ್ನು ತಗ್ಗಿಸಬಹುದು, ಪಾದಕ್ಕೆ ಜೋಮು ತರಬಹುದು, ಕೆಂಪು-ಹಸಿರು ಬಣ್ಣ ಮಸುಕಾಗಿಸಬಹುದು. ರೋಗಿಯನ್ನು ಪ್ರತಿ ತಿಂಗಳು ಕೂರಿಸಿ ‘ಕಾಲು ಜುಮ್ಮೆನ್ನುತ್ತದೆಯೇ, ಅಕ್ಷರ ಮಂಜಾಗಿದೆಯೇ’ ಎಂದು ಬಾಯಿಬಿಟ್ಟು ಕೇಳಲೇಬೇಕು. ಕೇಳದಿದ್ದರೆ ಹೇಳುವವರು ಕಡಿಮೆ.

ಈಗ ಆ ಹಲ್ಲುನೋವಿನ ಮಾತ್ರೆಗೆ ಬರೋಣ. ಶ್ವಾಸಕೋಶದಲ್ಲಿ ಕ್ಷಯ ಗೂಡು ಕಟ್ಟಿದ ಮನುಷ್ಯನ ಒಳಗೆ ಕೋಟಿಗಟ್ಟಲೆ ರೋಗಾಣುಗಳಿರುತ್ತವೆ. ಅಷ್ಟು ದೊಡ್ಡ ಹಿಂಡಿನಲ್ಲಿ ಯಾವುದೇ ಒಂದು ಔಷಧಕ್ಕೆ ಬಗ್ಗದ ಬೆರಳೆಣಿಕೆಯಷ್ಟು ಅಣುಗಳು ಮೊದಲಿನಿಂದಲೂ ಇರುತ್ತವೆ. ಕ್ಷಯಕ್ಕೆ ಮೂರು ನಾಲ್ಕು ಔಷಧ ಒಟ್ಟಿಗೆ ಕೊಡುವುದರ ಗುಟ್ಟು ಇಷ್ಟೇ, ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದು. ಇನ್ನೂ ಪತ್ತೆಯಾಗದ ಕ್ಷಯ ಇರುವವನು ಹಲ್ಲಿಗೆಂದೋ ಭೇದಿಗೆಂದೋ ಕೆಮ್ಮಿಗೆಂದೋ ಕ್ವಿನೊಲೋನ್ ಒಂದನ್ನೇ ನುಂಗಿದರೆ ಬಗ್ಗುವ ಅಣುಗಳು ಸತ್ತು ಬಗ್ಗದವಕ್ಕೆ ಜಾಗ ಖಾಲಿಯಾಗುತ್ತದೆ. ಹೊಲದಲ್ಲಿ ಕಳೆ ಉಳಿಸಿ ಪೈರು ಕಿತ್ತ ಹಾಗೆ. ಒಫ್ಲಾಕ್ಸಾಸಿನ್‌ಗೆ ಬಗ್ಗದ ಕ್ಷಯಾಣು ಬಹುಮಟ್ಟಿಗೆ ಲೆವೊಫ್ಲಾಕ್ಸಾಸಿನ್‌ಗೂ ಮಾಕ್ಸಿಫ್ಲಾಕ್ಸಾಸಿನ್‌ಗೂ ಬಗ್ಗುವುದಿಲ್ಲ. ಆಗ ನಾಲ್ಕರ ಚಿಕಿತ್ಸೆಯಿಂದ ಮಾಕ್ಸಿಫ್ಲಾಕ್ಸಾಸಿನ್ ತೆಗೆದು ಮೂರರಲ್ಲೇ ನಡೆಸಬೇಕಾಗುತ್ತದೆ, ಅವಧಿ ಒಂಬತ್ತು ತಿಂಗಳಿಗೆ ಹಿಗ್ಗಬಹುದು, ಉಳಿದ ಮೂರರಲ್ಲಿ ಒಂದು ಮೈಗೆ ಒಗ್ಗದಿದ್ದರೆ ಕೈಯಲ್ಲಿ ಉಳಿಯುವುದು ಎರಡೇ.

ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು. ಕ್ವಿನೊಲೋನ್ ಕ್ಷಯಾಣುವಿನ ಮೇಲೂ ಕೆಲಸ ಮಾಡುವುದರಿಂದ ಐದು ದಿನದ ಕೋರ್ಸಿಗೆ ಜ್ವರ ಇಳಿಯುತ್ತದೆ, ಕೆಮ್ಮು ಹಗುರಾಗುತ್ತದೆ. ರೋಗಿ ವಾಸಿಯಾಯಿತೆಂದು ಕೆಲಸಕ್ಕೆ ಹೊರಡುತ್ತಾನೆ. ಅದೇ ವಾರ ಕಫ ಪರೀಕ್ಷೆ ಮಾಡಿದರೆ ಅಣುಗಳ ಎಣಿಕೆ ತಗ್ಗಿ ಪತ್ತೆಯಾಗದೆ ಹೋಗಬಹುದು, ಕಲ್ಚರ್ (ಕಫದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಬೆಳೆಯದೆ ಹೋಗಬಹುದು. ತಿಂಗಳ ಮೇಲೆ ಕೆಮ್ಮು ಮತ್ತೆ ಹಿಡಿಯುತ್ತದೆ, ಅಷ್ಟರಲ್ಲಿ ಮನೆಮಂದಿಗೆ ದಾಟಿರುತ್ತದೆ. ಆದ್ದರಿಂದ ಎರಡು ವಾರ ಮೀರಿದ ಕೆಮ್ಮಿಗೆ ಮೊದಲು ಕಫ ಪರೀಕ್ಷೆ, ಆಮೇಲೆ ಮಾತ್ರೆ. ಗೋವಾದಲ್ಲಿ ರೂಪುಗೊಂಡು 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಲ್ಲೂ ನಡೆಯುತ್ತದೆ. ಕ್ಷಯ ಇದೆಯೇ ಎಂಬುದಕ್ಕೆ ಸುಮಾರು ಒಂದು ಗಂಟೆ, ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದಕ್ಕೆ ಇನ್ನೊಂದು ಗಂಟೆ ಸಾಕು. ಆದರೆ ಕ್ವಿನೊಲೋನ್‌ಗೆ ಬಗ್ಗುತ್ತದೆಯೇ ಎಂದು ಆ ಪರೀಕ್ಷೆ ಹೇಳುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಬೇಕು. ರಿಫಾಂಪಿಸಿನ್‌ಗೆ ಬಗ್ಗದು ಎಂದು ಬಂದ ಕೂಡಲೇ ಎರಡನೆಯ ಮಾದರಿಯನ್ನು ಕ್ವಿನೊಲೋನ್ ಪರೀಕ್ಷೆಗೆ ಕಳಿಸಿರಬೇಕು.

ಕಫ ಕೊಡುವುದರಲ್ಲೇ ಅರ್ಧ ಕೆಲಸ ಕೆಡುತ್ತದೆ, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ಬೆಳಿಗ್ಗೆ ಎದ್ದಕೂಡಲೇ ಬರಿ ನೀರಿನಿಂದ ಬಾಯಿ ಮುಕ್ಕಳಿಸಿ, ಮನೆ ಹೊರಗೆ ಗಾಳಿಯಾಡುವ ಜಾಗದಲ್ಲಿ ನಿಂತು, ಎರಡು ಸಲ ದೀರ್ಘವಾಗಿ ಉಸಿರೆಳೆದು ಬಿಟ್ಟು, ಮೂರನೆಯ ಸಲ ಎದೆಯಾಳದಿಂದ ಕೆಮ್ಮಿ ಡಬ್ಬಿಗೆ ಉಗುಳಬೇಕು. 2ರಿಂದ 5 ಮಿ.ಲೀ., ಅಂದರೆ ಒಂದು ಟೀ ಚಮಚದ ಆಸುಪಾಸು. ದಪ್ಪಗೆ, ಅಂಟಂಟಾಗಿ ಇದ್ದರೆ ಅದು ಕಫ. ನೊರೆನೊರೆಯಾಗಿ ನೀರಿನಂತಿದ್ದರೆ ಅದು ಎಂಜಲು. ಎಂಜಲು ಕೊಟ್ಟು ‘ಏನೂ ಇಲ್ಲ’ ಎಂಬ ವರದಿ ಹಿಡಿದುಕೊಂಡು ಹೋದವರಿಗೆ ನಿಜವಾಗಿ ಪರೀಕ್ಷೆಯೇ ಆಗಿಲ್ಲ.

ದಂತವೈದ್ಯರು ಇಲ್ಲಿ ತಮ್ಮ ಪಾಲಿನ ಹೊಣೆಯನ್ನು ಒಪ್ಪಿಕೊಳ್ಳಬೇಕು. ದವಡೆಯ ಕೆಳಗೆ, ಕುತ್ತಿಗೆಯ ಪಕ್ಕದಲ್ಲಿ ನೋವಿಲ್ಲದ ಗಂಟು ಕಂಡಾಗ ಹುಳುಕು ಹಲ್ಲಿನ ಕಡೆ ಬೊಟ್ಟುಮಾಡಿ ಆ್ಯಂಟಿಬಯೋಟಿಕ್ ಬರೆದುಬಿಡುವುದು ಸುಲಭ. ಹಲ್ಲಿನ ಕಾಯಿಲೆ ತೆಗೆದ ಮೇಲೂ ಎರಡು ಮೂರು ವಾರದಲ್ಲಿ ಗಂಟು ಕರಗದಿದ್ದರೆ ಸೂಜಿ ಹಾಕಿ ದ್ರವ ತೆಗೆದು ಕ್ಷಯದ ಪರೀಕ್ಷೆಗೆ ಕಳಿಸಲೇಬೇಕು. ಹಲ್ಲು ಕಿತ್ತ ಗುಣಿ ಮಾಯದೆ ಹಾಗೇ ಇದ್ದರೆ, ನಾಲಿಗೆಯ ಹುಣ್ಣು ಎರಡು ವಾರ ಮೀರಿದರೆ, ಚೂರು ತೆಗೆದು ಪರೀಕ್ಷಿಸದೆ ಔಷಧ ಬದಲಾಯಿಸುತ್ತ ಹೋಗಬಾರದು. ಗುಟ್ಕಾ, ಎಲೆ-ಅಡಿಕೆ-ತಂಬಾಕು ಹಾಕುವವರಲ್ಲಿ ಆ ಹುಣ್ಣು ಕ್ಯಾನ್ಸರ್ ಆಗಿರುವ ಸಂಭವವೂ ಇದೆ.

ಹಲ್ಲುನೋವಿಗೆ ಆ್ಯಂಟಿಬಯೋಟಿಕ್ ಯಾಕೆ ಕೆಲಸ ಮಾಡುವುದಿಲ್ಲ? ಹಲ್ಲಿನ ನಡುವೆ ನರ ಮತ್ತು ರಕ್ತನಾಳಗಳಿರುವ ಒಂದು ಪುಟ್ಟ ಕೋಣೆ ಇದೆ. ಅದರ ಗೋಡೆ ಗಟ್ಟಿ, ಹಿಗ್ಗುವುದಿಲ್ಲ. ಹುಳುಕು ಅಲ್ಲಿಗೆ ಮುಟ್ಟಿದಾಗ ಒಳಗಿನ ಮೆದು ಭಾಗ ಊದುತ್ತದೆ, ಊದಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಆ ಒತ್ತಡವೇ ನೋವು. ಮಲಗಿದಾಗ ತಲೆಗೆ ರಕ್ತದೊತ್ತಡ ಹೆಚ್ಚಿ ನೋವು ಇನ್ನೂ ಏರುವುದರಿಂದಲೇ ಹಲ್ಲುನೋವು ರಾತ್ರಿ ಕಾಡುವುದು. ಆ ಕೋಣೆಗೆ ರಕ್ತ ಹೋಗುವ ದಾರಿ ಬೇರಿನ ತುದಿಯ ಕೂದಲೆಳೆಯಂಥ ರಂಧ್ರ. ಒಳಗಿನ ಭಾಗ ಸತ್ತ ಮೇಲಂತೂ ರಕ್ತವೇ ಹೋಗುವುದಿಲ್ಲ, ರಕ್ತ ಹೋಗದ ಕಡೆ ಮಾತ್ರೆಯ ಔಷಧ ಹೇಗೆ ಹೋದೀತು? ಅಮೆರಿಕದ ದಂತವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಹೇಳುತ್ತದೆ: ಹಲ್ಲಿನ ಚಿಕಿತ್ಸೆ ಕೂಡಲೇ ಸಿಗುವ ಕಡೆ, ಆರೋಗ್ಯವಂತ ವಯಸ್ಕರಿಗೆ ಬರಿ ಹಲ್ಲುನೋವಿಗೂ ಒಂದೇ ಕಡೆ ನಿಂತ ಕೀವಿಗೂ ಆ್ಯಂಟಿಬಯೋಟಿಕ್ ಬೇಡ. ಹಲ್ಲು ತೆರೆದು ಒತ್ತಡ ಇಳಿಸಬೇಕು, ಕೀವಿಗೆ ದಾರಿ ಮಾಡಬೇಕು ಅಥವಾ ಹಲ್ಲು ಕೀಳಬೇಕು. ಎರಡು ದಿನ ಮಾತ್ರೆ ನುಂಗಿ ನೋವು ಹೋಯಿತು ಎನ್ನುವವರಿಗೆ ನೋವು ಹೋದದ್ದು ಜೊತೆಯಲ್ಲಿದ್ದ ನೋವಿನ ಮಾತ್ರೆಯಿಂದ, ಇಲ್ಲವೇ ಒಳಗಿನ ನರ ಸತ್ತಿದ್ದರಿಂದ.

ಆ್ಯಂಟಿಬಯೋಟಿಕ್ ಬೇಕಾಗುವ ಸಂದರ್ಭಗಳೂ ಸ್ಪಷ್ಟವಾಗಿವೆ. ಜ್ವರ, ಮೈ ನಡುಕ, ಕೆನ್ನೆ ದಾಟಿ ಹಬ್ಬುತ್ತಿರುವ ಊತ, ಬಾಯಿ ತೆರೆಯಲಾಗದಿರುವುದು. ಅಂಥವರಿಗೆ ವೈದ್ಯರು ಬರೆಯುವುದು ಸಾಮಾನ್ಯವಾಗಿ ಅಮಾಕ್ಸಿಸಿಲಿನ್ 500 ಮಿ.ಗ್ರಾಂ, ದಿನಕ್ಕೆ ಮೂರು ಸಲ, ಮೂರರಿಂದ ಏಳು ದಿನ. ಮೂರನೆಯ ದಿನ ಮತ್ತೆ ನೋಡಿ, ಲಕ್ಷಣಗಳು ಪೂರ್ತಿ ಹೋಗಿ 24 ಗಂಟೆ ಕಳೆದಿದ್ದರೆ ವೈದ್ಯರೇ ನಿಲ್ಲಿಸಬಹುದು. ಪೆನಿಸಿಲಿನ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಗದ್ದದ ಕೆಳಗೆ ಎರಡೂ ಬದಿ ಗಟ್ಟಿಯಾಗಿ ಊದಿ, ನಾಲಿಗೆ ಮೇಲೆದ್ದು, ಎಂಜಲು ನುಂಗಲಾಗದೆ ಸುರಿಯುತ್ತಿದ್ದರೆ ಉಸಿರಿನ ದಾರಿ ಮುಚ್ಚುವ ಅಪಾಯವಿದೆ. ಬೆಳಗಾಗಲಿ ಎಂದು ಕಾಯದೆ ಅದೇ ಗಳಿಗೆ ದೊಡ್ಡಾಸ್ಪತ್ರೆಗೆ ಓಡಬೇಕು. ಕೃತಕ ಹೃದಯ ಕವಾಟ ಹಾಕಿಸಿಕೊಂಡವರಿಗೆ ಹಲ್ಲು ಕೀಳುವ ಅರ್ಧದಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ 2 ಗ್ರಾಂ ಒಂದೇ ಡೋಸ್ ಕೊಡುತ್ತಾರೆ. ಐದು ದಿನದ ಕೋರ್ಸ್ ಅದಕ್ಕೂ ಬೇಡ.

ನೋವಿಗೆ ಏನು? ಅಮೆರಿಕದ ಅದೇ ದಂತವೈದ್ಯರ ಸಂಘ 2024ರಲ್ಲಿ ಹದಿಹರೆಯದವರಿಗೂ ವಯಸ್ಕರಿಗೂ ಕೊಟ್ಟ ಸಲಹೆ ಸರಳ. ವಯಸ್ಕರಾದರೆ ಐಬುಪ್ರೊಫೆನ್ 400 ಮಿ.ಗ್ರಾಂ ಒಂದೇ, ಅಥವಾ ಅದರ ಜೊತೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಊಟದ ಮೇಲೆ, ಆರು ಗಂಟೆಗೊಮ್ಮೆ, ಎರಡು ಮೂರು ದಿನಕ್ಕಷ್ಟೇ. ನಿದ್ದೆ ಬರಿಸುವ ಬಲವಾದ ನೋವಿನ ಮಾತ್ರೆಗಿಂತ ಈ ಜೋಡಿಯೇ ಚೆನ್ನಾಗಿ ನೋವು ತಗ್ಗಿಸುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಹೃದಯ ದೌರ್ಬಲ್ಯ, ಆಸ್ಪಿರಿನ್‌ಗೆ ಕೆರಳುವ ಅಸ್ತಮಾ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು, ಡೆಂಗಿ ಇರಬಹುದೆಂಬ ಜ್ವರದಲ್ಲಿರುವವರು ಐಬುಪ್ರೊಫೆನ್ ಮುಟ್ಟಬಾರದು. ಅವರಿಗೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಒಂದೇ. ಅಂಗಡಿಯವರು ಕೊಡುವ ಜೋಡಿ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಆಗಲೇ ಸೇರಿರುತ್ತದೆ, ಅದರ ಮೇಲೆ ಜ್ವರದ ಮಾತ್ರೆಯನ್ನೂ ನುಂಗಿದರೆ ಲಿವರ್‌ಗೆ ಪೆಟ್ಟು. ದಿನಕ್ಕೆ 4 ಗ್ರಾಂ ದಾಟಲೇಬಾರದು, ಕುಡಿಯುವ ಅಭ್ಯಾಸದವರಿಗೆ ಅದಕ್ಕಿಂತ ಎಷ್ಟೋ ಕಡಿಮೆಯೇ ಮಿತಿ. ಆಸ್ಪಿರಿನ್ ಮಾತ್ರೆಯನ್ನು ನೋಯುವ ಹಲ್ಲಿನ ಪಕ್ಕ ಒತ್ತಿ ಇಟ್ಟುಕೊಳ್ಳುವವರಿದ್ದಾರೆ, ಅಲ್ಲಿನ ಚರ್ಮ ಸುಟ್ಟು ಬೆಳ್ಳಗೆ ಸುಲಿದು ಬರುತ್ತದೆ. ಲವಂಗದೆಣ್ಣೆ ಹಾಕುವುದಾದರೆ ಜೋಳದ ಕಾಳಿನಷ್ಟು ಹತ್ತಿಗೆ ಒಂದು ಹನಿ, ಗುಣಿಯೊಳಗೆ ಮಾತ್ರ, ವಸಡಿಗೆ ತಾಗಬಾರದು. ಊದಿದ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಟ್ಟರೆ ಕೀವು ಹೊರಮುಖವಾಗಿ ಚರ್ಮ ಒಡೆದು ಬರಬಹುದು.

ದಂತ ಚಿಕಿತ್ಸಾಲಯಗಳಲ್ಲೇ ಬೇರೂರಿದ ಒಂದು ರೂಢಿಯನ್ನೂ ಹೇಳಬೇಕು. ‘ಊತ ಇಳಿಯಲಿ, ಐದು ದಿನ ಮಾತ್ರೆ ತಗೊಂಡು ಬನ್ನಿ, ಆಮೇಲೆ ಕೀಳೋಣ.’ ಇದಕ್ಕೆ ಕಾರಣವಿಲ್ಲದಿಲ್ಲ. ಕೀವು ಕಟ್ಟಿದ ಜಾಗ ಹುಳಿಗುಣಕ್ಕೆ ತಿರುಗಿರುತ್ತದೆ, ಅಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಪರಿಹಾರ ಇಂಜೆಕ್ಷನ್ನಿನ ಜಾಗ ಬದಲಿಸುವುದು: ಊತದಿಂದ ದೂರ, ನರ ದವಡೆಯೊಳಗೆ ನುಗ್ಗುವ ಕಡೆಗೇ ಕೊಟ್ಟು, ಹತ್ತು ಹದಿನೈದು ನಿಮಿಷ ಕಾದು, ತುಟಿ ಜೋಮು ಹಿಡಿದಿದೆಯೇ ಎಂದು ಕೇಳಿ ಶುರುಮಾಡುವುದು. ಸೋಂಕಿನ ಮೂಲವನ್ನು ಬಾಯಲ್ಲೇ ಬಿಟ್ಟು ಐದು ದಿನ ಮಾತ್ರೆ ನುಂಗಿಸಿದರೆ ಊತ ಇಳಿದ ರೋಗಿ ವಾಪಸು ಬರುವುದಿಲ್ಲ. ಮೂರು ತಿಂಗಳ ಮೇಲೆ ಇನ್ನೂ ದೊಡ್ಡ ಊತ ಹೊತ್ತು ಬರುತ್ತಾನೆ.

ಕೀಳುವುದೂ ಬೇಡ, ಪೂರ್ತಿ ರೂಟ್ ಕೆನಾಲ್ ಕೂಡ ಬೇಡ ಎನ್ನುವ ಮೂರನೆಯ ದಾರಿ ಈ ಹತ್ತು ವರ್ಷಗಳಲ್ಲಿ ಗಟ್ಟಿಯಾಗಿದೆ. ಹಲ್ಲಿನ ತಲೆಭಾಗದ ಊದಿದ ತಿರುಳನ್ನು ಮಾತ್ರ ತೆಗೆದು, ಬೇರಿನೊಳಗಿನ ಜೀವಂತ ತಿರುಳನ್ನು ಉಳಿಸುವ ವಿಧಾನ. ಮರಗಟ್ಟಿಸಿ, ಎಂಜಲು ತಾಗದಂತೆ ರಬ್ಬರ್ ಹಾಳೆ ಕಟ್ಟಿ, ಹುಳುಕನ್ನು ಪೂರ್ತಿ ಕೆರೆದು, ತಲೆಭಾಗದ ತಿರುಳು ತೆಗೆದು, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅದ್ದಿದ ಹತ್ತಿ ಒತ್ತಿ ಹಿಡಿಯುತ್ತಾರೆ. ರಕ್ತ ಐದರಿಂದ ಹತ್ತು ನಿಮಿಷದೊಳಗೆ ನಿಂತರೆ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟನ್ನು 2-3 ಮಿ.ಮೀ. ದಪ್ಪ ತುಂಬಿ ಮೇಲೆ ಭದ್ರವಾಗಿ ಮುಚ್ಚುತ್ತಾರೆ. ನಿಲ್ಲದಿದ್ದರೆ ಒಳಗಿನ ತಿರುಳೂ ಕೆಟ್ಟಿದೆ ಎಂದೇ ಅರ್ಥ, ಆಗ ರೂಟ್ ಕೆನಾಲ್ ಮಾಡಲೇಬೇಕು. ಸೋಲುವುದು ಬಹುಪಾಲು ಮೇಲಿನ ಮುಚ್ಚಳ ಸೋರುವುದರಿಂದ, ತಾತ್ಕಾಲಿಕ ಸಿಮೆಂಟ್ ಹಾಕಿ ‘ಮುಂದಿನ ತಿಂಗಳು ಬರ್ತೀನಿ’ ಎಂದು ಹೋದವರಲ್ಲಿ. ಒಂದೇ ಭೇಟಿಯಲ್ಲಿ ಮುಗಿಯುವ ಈ ಕೆಲಸ ಕೂಲಿ ಬಿಟ್ಟು ನಾಲ್ಕು ಸಲ ಬರಲಾಗದವರಿಗೆ ಬಹಳ ಅನುಕೂಲ. ದಂತ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಇದನ್ನು ಕೈಹಿಡಿದು ಕಲಿಸಬೇಕು.

ಮಕ್ಕಳ ಮಾತಿಗೆ ಬಂದರೆ ಇನ್ನೂ ಸುಲಭದ ದಾರಿ ಇದೆ. ಸಿಲ್ವರ್ ಡಯಮೀನ್ ಫ್ಲೋರೈಡ್ ಎಂಬ ನೀರಿನಂಥ ದ್ರಾವಣ, ಶೇ 38ರ ಪ್ರಮಾಣದ್ದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಬೆಳ್ಳಿ ಹುಳುಕಿನ ರೋಗಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಮತ್ತೆ ಗಟ್ಟಿ ಮಾಡುತ್ತದೆ. ಡ್ರಿಲ್ ಇಲ್ಲ, ಸೂಜಿ ಇಲ್ಲ. ಗುಣಿಯಲ್ಲಿ ಸಿಕ್ಕ ಅನ್ನ ತೆಗೆದು, ತುಟಿಗೆ ವ್ಯಾಸಲೀನ್ ಸವರಿ, ಕೆನ್ನೆಯ ಕಡೆ ಹತ್ತಿ ಸುರುಳಿ ಇಟ್ಟು, ಹಲ್ಲನ್ನು ಒಣಗಿಸಿ, ಪುಟ್ಟ ಕುಂಚದಲ್ಲಿ ಒಂದು ನಿಮಿಷ ತಿಕ್ಕಿ ಒಣಗಲು ಬಿಟ್ಟರೆ ಮುಗಿಯಿತು. ಒಂದು ಹನಿ ಐದು ಹಲ್ಲಿಗೆ ಸಾಕು. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಹುಳುಕಿನ ಜಾಗ ಕಾಯಂ ಕಪ್ಪಾಗುತ್ತದೆ, ಇದನ್ನು ತಾಯಂದಿರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯದಿದ್ದರೆ ಆಮೇಲೆ ಗಲಾಟೆ. ಬಟ್ಟೆಗೆ ಬಿದ್ದ ಕಲೆ ಹೋಗುವುದಿಲ್ಲ. ಚರ್ಮದ ಕಲೆ ವಾರ ಎರಡು ವಾರದಲ್ಲಿ ಹೋಗುತ್ತದೆ. ರಾತ್ರಿ ತಾನಾಗಿ ನೋಯುವ ಹಲ್ಲಿಗೆ, ವಸಡಿನಲ್ಲಿ ಕೀವಿನ ಗುಳ್ಳೆ ಎದ್ದ ಹಲ್ಲಿಗೆ, ಬೆಳ್ಳಿ ಒಗ್ಗದವರಿಗೆ ಇದನ್ನು ಹಚ್ಚುವಂತಿಲ್ಲ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನರ್ಸ್‌ಗಳು ಹಚ್ಚಿದ್ದೂ ದಂತ ಸಿಬ್ಬಂದಿ ಹಚ್ಚಿದ್ದೂ ಒಂದೇ ಫಲ ಕೊಟ್ಟಿವೆ.

ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ ಕಡೆಯ ಪಾಲಕರು ‘ಫ್ಲೋರೈಡ್’ ಎಂದ ಕೂಡಲೇ ಹೆದರುತ್ತಾರೆ. ಆ ಹೆದರಿಕೆ ನ್ಯಾಯವಾದದ್ದೇ, ಬೋರ್‌ವೆಲ್ ನೀರು ಅಲ್ಲಿನ ಹಲ್ಲು ಮೂಳೆಗಳಿಗೆ ಮಾಡಿರುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಆದರೆ ಲೆಕ್ಕ ಹಾಕೋಣ. ಈ ದ್ರಾವಣದ ಒಂದು ಮಿ.ಲೀ.ನಲ್ಲಿ ಸುಮಾರು 45 ಮಿ.ಗ್ರಾಂ ಫ್ಲೋರೈಡ್ ಇದೆ. ಒಂದು ಹನಿ ಎಂದರೆ 0.025 ಮಿ.ಲೀ., ಅದರಲ್ಲಿ ಒಂದು ಮಿ.ಗ್ರಾಂ ಚಿಲ್ಲರೆ. ಲೀಟರಿಗೆ 2 ಮಿ.ಗ್ರಾಂ ಫ್ಲೋರೈಡ್ ಇರುವ ಬೋರ್‌ವೆಲ್ ನೀರನ್ನು ಮಗು ಒಂದು ಲೀಟರ್ ಕುಡಿದರೆ ಹೆಚ್ಚುಕಡಿಮೆ ಅದರ ಎರಡರಷ್ಟು ಒಂದೇ ದಿನದಲ್ಲಿ ಒಳಗೆ ಹೋಗುತ್ತದೆ, ಅದೂ ದಿನಾ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಮಿತಿ, ಬೇರೆ ನೀರಿಲ್ಲದಿದ್ದರೆ 1.5. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಆರ್‌ಒ ಸರಿಯಾಗಿ ನಡೆಯುತ್ತಿದ್ದರೆ ಅದು ಫ್ಲೋರೈಡನ್ನು ತೆಗೆಯುತ್ತದೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಕುಡಿಯಲೂ ಅಡುಗೆಗೂ ಅದೇ ನೀರು ಬೇಕು, ಹಲ್ಲು ಒಳಗೊಳಗೆ ರೂಪುಗೊಳ್ಳುವ ಕಾಲ ಅದು. ಫ್ಲೋರೈಡಿನ ಕಲೆಗೂ ಹುಳುಕಿಗೂ ವ್ಯತ್ಯಾಸ ಹೀಗೆ: ಕಲೆ ಎಡಬಲ ಎರಡೂ ಬದಿಯ ಜೋಡಿ ಹಲ್ಲಿನಲ್ಲಿ ಒಂದೇ ರೀತಿ ಸುಣ್ಣದ ಗೆರೆಯಂತೆ ಅಥವಾ ಕಂದಾಗಿ ಇರುತ್ತದೆ, ಮೇಲ್ಮೈ ಗಟ್ಟಿ. ಹುಳುಕು ಒಂದು ಕಡೆ ಗುಣಿ ಬಿದ್ದು ಮೆತ್ತಗಿರುತ್ತದೆ.

ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಈಗಲೂ ಮಕ್ಕಳ ಹಲ್ಲು ನೋಡುತ್ತವೆ. ನೋಡಿ ಚೀಟಿ ಬರೆದು ಕಳಿಸುತ್ತವೆ, ಚೀಟಿ ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರುವವರು ಎಷ್ಟು ಜನ? ಅದೇ ಜೀಪಿನಲ್ಲಿ ಈ ದ್ರಾವಣದ ಒಂದು ಕಪ್ಪು ಬಾಟಲಿ, ಕುಂಚ, ಹತ್ತಿ ಇದ್ದರೆ ಅಲ್ಲೇ ಕೆಲಸ ಮುಗಿಯುತ್ತದೆ. ಆ ಮಗು ಮುಂದೆ ಮೆಡಿಕಲ್ ಅಂಗಡಿಯ ಮುಂದೆ ದವಡೆ ಹಿಡಿದು ನಿಲ್ಲುವ ಪ್ರಮೇಯ ತಪ್ಪುತ್ತದೆ.

ಕ್ಷಯರೋಗಿಯ ಬಾಯಿಯನ್ನೂ ಯಾರಾದರೂ ನೋಡಬೇಕು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ರೋಗಿಯ ಮನೆಮಂದಿಗೆ ತಿಂಗಳಿಗೆ ತಲಾ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ಬೇಳೆ, ಜೀವಸತ್ವದ ಮಾತ್ರೆ ಕೊಟ್ಟದ್ದಕ್ಕೆ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39ರಷ್ಟು ತಗ್ಗಿತು. ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದ ರೋಗಿಗಳಲ್ಲಿ ಸಾವಿನ ಸಂಭವ ಶೇ 61ರಷ್ಟು ಕಡಿಮೆ ಇತ್ತು. 2024ರ ನವೆಂಬರ್‌ನಿಂದ ರೋಗಿಗೆ ತಿಂಗಳಿಗೆ ಸಿಗುವ ಪೋಷಣೆಯ ಹಣ 500ರಿಂದ 1,000 ರೂಪಾಯಿಗೆ ಏರಿದೆ. ಆ ಹಣದಲ್ಲಿ ಕಡಲೆ, ಚಳ್ಳಕೆರೆಯ ಶೇಂಗಾ ತಂದರೂ ದವಡೆ ಹಲ್ಲೆಲ್ಲ ಮುರಿದು ನೋಯುತ್ತಿದ್ದರೆ ಅಗಿಯುವುದು ಹೇಗೆ? ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಚಿಕಿತ್ಸೆ ಶುರುವಾದ ತಿಂಗಳೇ ಬಾಯಿ ಪರೀಕ್ಷೆ ಆಗಬೇಕು. ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಅಗತ್ಯ. ವಸಡಿನ ಸೋಂಕು ಶುಚಿಗೊಳಿಸಿದರೆ ಮೂರು ನಾಲ್ಕು ತಿಂಗಳಲ್ಲಿ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್ಬಿಎ1ಸಿ) ಶೇಕಡಾ 0.43 ಅಂಶ ಇಳಿಯುತ್ತದೆಂದು, ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಪರಾಮರ್ಶೆ ತೋರಿಸಿದೆ. ಸಕ್ಕರೆ ಹಿಡಿತದಲ್ಲಿಲ್ಲದವರ ಮೇಲೆ ಕ್ಷಯ ಬೇಗ ಎರಗುತ್ತದೆ.

ನಾಲ್ಕರ ಚಿಕಿತ್ಸೆಯಲ್ಲಿರುವವರ ಹಲ್ಲು ಮುಟ್ಟುವ ದಂತವೈದ್ಯರಿಗೆ ಒಂದೆರಡು ಮಾತು. ಕೀಳುವ ಮೊದಲು ರಕ್ತಕಣಗಳ ಎಣಿಕೆ ನೋಡಿ, ಲಿನೆಜೊಲಿಡ್ ಪ್ಲೇಟ್‌ಲೆಟ್ ತಗ್ಗಿಸಿದ್ದರೆ ರಕ್ತ ನಿಲ್ಲುವುದಿಲ್ಲ. ನೋವಿಗೆ ಟ್ರಮಡಾಲ್ ಬರೆಯಬೇಡಿ, ಲಿನೆಜೊಲಿಡ್ ಜೊತೆ ಸೇರಿ ನಡುಕ, ಜ್ವರ, ಗೊಂದಲ ತರುತ್ತದೆ. ಅಜಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಕೂಡ ಬೇಡ, ಈಗಾಗಲೇ ಉದ್ದವಾಗಿರುವ ಹೃದಯದ ವಿದ್ಯುತ್ ಅಲೆಯನ್ನು ಇನ್ನಷ್ಟು ಎಳೆದು ಲಯ ಕೆಡಿಸುತ್ತವೆ.

ಔಷಧ ಅಂಗಡಿಯವರನ್ನೇ ದೂರಿ ಪ್ರಯೋಜನವಿಲ್ಲ, ಆದರೂ ಕಾನೂನು ಸ್ಪಷ್ಟವಾಗಿದೆ. ಎಲ್ಲ ಆ್ಯಂಟಿಬಯೋಟಿಕ್‌ಗೂ ಚೀಟಿ ಬೇಕು. ಲೆವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್, ಸೆಫಿಕ್ಸೈಮ್ ಮುಂತಾದವು 2014ರ ಮಾರ್ಚ್‌ನಿಂದ ಎಚ್-1 ಎಂಬ ಬಿಗಿ ನಿಯಮದ ಪಟ್ಟಿಯಲ್ಲಿವೆ. ಈ ಪಟ್ಟಿಯ ಔಷಧ ಮಾರಿದಾಗ ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬೇರೆ ಪುಸ್ತಕದಲ್ಲಿ ನಮೂದಾಗಿ ಮೂರು ವರ್ಷ ಉಳಿಯಬೇಕು. ಔಷಧ ನಿಯಂತ್ರಣ ಇಲಾಖೆಯವರು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಆ ಪುಸ್ತಕ ತೆರೆದು ನೋಡಲಿ. ಒಫ್ಲಾಕ್ಸಾಸಿನ್-ಆರ್ನಿಡಜೋಲ್ ಮಾತ್ರೆಯ ಖರೀದಿ ಬಿಲ್ಲನ್ನು ಚೀಟಿಗಳ ಜೊತೆ ಹೋಲಿಸಿ ನೋಡಲಿ. ಕೇರಳ ಸರ್ಕಾರ 2024ರಲ್ಲಿ ಇಂಥ ತಪಾಸಣೆ ಶುರುಮಾಡಿದೆ, ನಮ್ಮಲ್ಲಿ ಆಗದ್ದೇನಲ್ಲ.

ಜೊತೆಗೆ ನೋವಿನಿಂದ ಬಂದವರಿಗೆ ಬೇರೊಂದು ಬಾಗಿಲೂ ತೆರೆದಿರಬೇಕು. ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಕುರ್ಚಿಗಳಿಗೆ, ಕಲಿಯುವ ಕೈಗಳಿಗೆ ಕೊರತೆಯಿಲ್ಲ. ಸರದಿಯಂತೆ ಒಂದು ಕಾಲೇಜು ರಾತ್ರಿ ಹನ್ನೊಂದರವರೆಗೆ ಎರಡು ಕುರ್ಚಿ ನಡೆಸಿದರೂ ಸಾಕು. ಒಬ್ಬ ಹಿರಿಯ ವೈದ್ಯರು, ಇಬ್ಬರು ಸ್ನಾತಕೋತ್ತರ ವಿದ್ಯಾರ್ಥಿಗಳು, ಒಬ್ಬ ನರ್ಸ್, ಒಂದು ಎಕ್ಸ್‌ರೇ ಯಂತ್ರ. ಮರಗಟ್ಟಿಸಿ, ಹಲ್ಲು ತೆರೆದು, ಒತ್ತಡ ಇಳಿಸಿ, ತಾತ್ಕಾಲಿಕವಾಗಿ ಮುಚ್ಚಿ ಕಳಿಸಲು ಒಬ್ಬರಿಗೆ ಅರ್ಧ ಗಂಟೆ ಹಿಡಿಯುತ್ತದೆ. ಬಂದವರಿಗೆ ಎರಡು ವಾರ ಮೀರಿದ ಕೆಮ್ಮು ಇದ್ದರೆ ಅಲ್ಲೇ ಕಫದ ಡಬ್ಬಿಯನ್ನೂ ಕೈಗೆ ಕೊಡಬಹುದು. ಕಾಲೇಜಿನ ಆಡಳಿತ ಮಂಡಳಿಗಳು, ಜಿಲ್ಲಾ ಆರೋಗ್ಯಾಧಿಕಾರಿ, ಜಿಲ್ಲಾ ಕ್ಷಯರೋಗ ನಿಯಂತ್ರಣಾಧಿಕಾರಿ ಒಂದು ಮೇಜಿನ ಸುತ್ತ ಕೂತು ಸರದಿಯ ದಿನಗಳನ್ನು ಗೊತ್ತುಮಾಡಿ, ಆ ಪಟ್ಟಿಯನ್ನು ಪ್ರತಿ ಮೆಡಿಕಲ್ ಅಂಗಡಿಯ ಗಲ್ಲಾದ ಎದುರು ಅಂಟಿಸಬೇಕೆಂದು ಕೋರುತ್ತೇವೆ.

– ದಂತ ಹಾಗೂ ಎದೆರೋಗ ವಿಭಾಗದ ಇಬ್ಬರು ವೈದ್ಯರು, ದಾವಣಗೆರೆ